ಇಳಿಸುವ ಮಂಚದ ಗ್ಯಾಸ್ ಸ್ಟ್ರಟ್: ಅಳೆದು ಕೊಂಡರೆ ಒಳ್ಳೆಯ ಮಾಲು

ಮೋಟರ್‌ಹೋಮ್‌ನಲ್ಲಿ (ವಾಸಕ್ಕೆ ಅಣಿಮಾಡಿದ ವಾಹನ) ಮೇಲೆತ್ತಿದ ಮಂಚ ತಾನಾಗಿ ಜಾರುತ್ತಿದೆಯೇ? ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ (ಕೊಳವೆಯೊಳಗೆ ಕಡ್ಡಿ ಜಾರುವ, ಅನಿಲ ತುಂಬಿದ ಆಸರೆ) ನೋಡಿ. ಕಡ್ಡಿಯ ಬುಡದಲ್ಲಿ ಎಣ್ಣೆ ಜಿನುಗಿದ್ದರೆ, ಅನಿಲ ಸೋರದಂತೆ ತಡೆಯುವ ಸೀಲ್ ಹೋಗಿದೆ. ಇದಕ್ಕೆ ರಿಪೇರಿ ಇಲ್ಲ. ಒಳಗೆ ಭಾರೀ ಒತ್ತಡದ ನೈಟ್ರೋಜನ್ ಇರುತ್ತದೆ. ಕೊರೆಯುವುದು, ಕಾಯಿಸುವುದು ಬೇಡವೇ ಬೇಡ.

ಬದಲಿ ಸ್ಟ್ರಟ್‌ಗಳಲ್ಲಿ ಉಕ್ಕಿನ ಸಾಕೆಟ್ (ಬ್ರಾಕೆಟ್‌ನ ಗುಂಡು ಕೂರುವ ತುದಿಯ ಬಟ್ಟಲು) ಇರುವವೇ ನಮ್ಮ ಆಯ್ಕೆ. ಪ್ಲಾಸ್ಟಿಕ್ ಸಾಕೆಟ್ ಹಗುರ ಮುಚ್ಚಳಕ್ಕೆ ಸಾಕು, ಮಂಚಕ್ಕೆ ಸಾಲದು. ಹಳೆಯದರ ಕೊಳವೆಯ ಮೇಲೆ ಅಚ್ಚಾದ ನ್ಯೂಟನ್ ಸಂಖ್ಯೆಯದನ್ನೇ (ಎತ್ತುವ ಬಲದ ಅಳತೆ) ಕೊಳ್ಳಿ. 600 ಇದ್ದಲ್ಲಿ 900 ಹಾಕಿದರೆ ಮಂಚ ಕೆಳಗಿಳಿಯಲು ಹಟ ಹಿಡಿಯುತ್ತದೆ, ಬ್ರಾಕೆಟ್‌ನ ಸ್ಕ್ರೂಗಳು ಪ್ಲೈವುಡ್‌ನಿಂದ ಕಿತ್ತು ಬರುತ್ತವೆ. ಪೂರ್ತಿ ಚಾಚಿದಾಗ ಒಂದು ಗುಂಡಿನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ಉದ್ದ, ಕಡ್ಡಿ ಒಳಹೋಗುವಷ್ಟು ಅಳತೆ, ಗುಂಡಿನ ದಪ್ಪ ಮೂರೂ ಹೊಂದಬೇಕು.

ಜೋಡಿಯಾಗಿಯೇ ಬದಲಿಸಿ, ಒಂದು ಹೊಸದು ಒಂದು ಹಳೆಯದಾದರೆ ಮಂಚ ತಿರುಚಿಕೊಳ್ಳುತ್ತದೆ.

ಕೆಲಸಕ್ಕೆ ಇಬ್ಬರು ಬೇಕು. ಹಾಸಿಗೆ ತೆಗೆದು, ಸ್ಟ್ರಟ್ ಪೂರ್ತಿ ಚಾಚಿರುವ ಸ್ಥಿತಿಯಲ್ಲಿ ಮಂಚದ ಎರಡೂ ಬದಿಗೆ ಮರದ ಊರುಗೋಲು ಕೊಟ್ಟು, ಅದು ಕದಲದಂತೆ ಬಿಗಿಯಿರಿ. ಬರೀ ಕೈಯಲ್ಲಿ ಹಿಡಿದರೆ ಸಾಲದು. ಆಮೇಲೆ ಸಾಕೆಟ್‌ನ ತಂತಿ ಕ್ಲಿಪ್ಪನ್ನು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ತುಸು ಎತ್ತಿ, ಸಾಕೆಟನ್ನು ಗುಂಡಿನಿಂದ ಎಳೆಯಿರಿ. ಕ್ಲಿಪ್ಪನ್ನು ಪೂರ್ತಿ ಕಿತ್ತರೆ ಅದು ಚಿಮ್ಮಿ ಕಳೆದುಹೋಗುತ್ತದೆ. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ. ಮಂಚ ಎತ್ತಿದಾಗ ಕಡ್ಡಿ ಕೆಳಮುಖವಾಗಿದ್ದರೆ ಒಳಗಿನ ಎಣ್ಣೆ ಸೀಲನ್ನು ಒದ್ದೆಯಾಗಿಡುತ್ತದೆ. ಕಡ್ಡಿಗೆ ಗ್ರೀಸ್ ಹಚ್ಚಬೇಡಿ, ಧೂಳು ಕಚ್ಚಿ ಸೀಲ್ ಕೆಡುತ್ತದೆ.

ಚಳಿಯಲ್ಲಿ ಸ್ಟ್ರಟ್‌ನ ಬಲ ಕುಗ್ಗುವುದು ಸಹಜ, 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಶೇ. 3.5ರಷ್ಟು.