ಮುಚ್ಚಳ ಉಬ್ಬಿದ ಡಿಪ್ ಡಬ್ಬಿಯನ್ನು ದಯವಿಟ್ಟು ಮನೆಗೆ ತರಬೇಡಿ

ಮನೆಗೆ ಬಂದ ನೆಂಟರ ಎದುರು ತಲೆತಗ್ಗಿಸಿ ಮೂರು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ. ಕೆನೆ ಬೆರೆಸಿದ ಪಾಲಕ್ ಡಿಪ್‌ನ (ಚಿಪ್ಸ್, ಬ್ರೆಡ್ ಅದ್ದಿ ತಿನ್ನುವ ಗಟ್ಟಿ ಸಾಸ್) ಡಬ್ಬಿಯೊಂದನ್ನು ಕೊಳ್ಳುವಾಗಲೇ ಅದರ ಮುಚ್ಚಳ ನಡುವೆ ಉಬ್ಬಿರುವುದು ಕಣ್ಣಿಗೆ ಬಿದ್ದಿತ್ತು. ಕೇಳಿದಾಗ ಮಾರಾಟಗಾರರು, "ಬಿಸಿ ಇರುವಾಗಲೇ ತುಂಬಿಸಿದ್ದೇವೆ, ಅದಕ್ಕೇ ಹಾಗೆ" ಎಂದರು. ಬಿಸಿಯಾಗಿ ತುಂಬಿ ಮುಚ್ಚಿದ ಡಬ್ಬಿ ತಣ್ಣಗಾದಾಗ ಮುಚ್ಚಳ ಒಳಕ್ಕೆ ಸೆಳೆದುಕೊಳ್ಳುತ್ತದೆಯೇ ಹೊರತು ಉಬ್ಬುವುದಿಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಉಬ್ಬಿಸಿದ್ದು ಒಳಗೆ ಬೆಳೆದ ಸೂಕ್ಷ್ಮಜೀವಿಗಳು ಬಿಟ್ಟ ಅನಿಲ.

ತೆರೆದಾಗ ಪುಸ್ಸೆಂದು ಗಾಳಿ ಹೊರಬಂತು. ಅಂಚಿನಲ್ಲಿ ತೆಳು ಹಸಿರು ನೀರು ನಿಂತಿತ್ತು. ನೀರು ಬಿಟ್ಟ ಮಾತ್ರಕ್ಕೆ ಡಿಪ್ ಕೆಟ್ಟಿದೆ ಎನ್ನಲಾಗದು, ಕಲಕಿದರೆ ಸೇರಿಕೊಳ್ಳುತ್ತದೆ ಎಂದುಕೊಂಡು ಕಲಕಿದೆ; ಆದರೆ ಕಲಕಿದಷ್ಟೂ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತಲೇ ಇದ್ದವು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಬಡಿಸಿದೆ. ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು, ಏನೂ ಹೇಳದೆ ಕರವಸ್ತ್ರಕ್ಕೆ ಉಗಿದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಡಬ್ಬಿಯನ್ನು ಎಸೆಯಲು ಹೋದಾಗ ಒದ್ದೆಯಾಗಿದ್ದ ಲೇಬಲ್‌ನ ಮೂಲೆ ಬಿಟ್ಟುಕೊಂಡಿತು. ಕೆಳಗೆ ಇನ್ನೊಂದು ಲೇಬಲ್, ಅದರ ಮೇಲೆ ಒಂಬತ್ತು ದಿನಗಳ ಹಿಂದೆಯೇ ಮುಗಿದುಹೋದ ದಿನಾಂಕ! ಮೋಸ ಹೋಗಿದ್ದೇನೆ ಎಂದು ಖಚಿತವಾದದ್ದು ಆಗ.

ಮಾರಾಟಗಾರರಿಗೆ ಕರೆ ಮಾಡಿದೆ. ಮೊದಲು, "ಹಳೆಯ ಲೇಬಲ್ ತಪ್ಪಾಗಿ ಮುದ್ರಣವಾಗಿತ್ತು" ಎಂದರು. ಆಮೇಲೆ, "ಕೆನೆಯ ಪದಾರ್ಥ ಎಂದ ಮೇಲೆ ಸ್ವಲ್ಪ ಹುಳಿ ಇರುವುದೇ" ಎಂದರು. ಆಮೇಲೆ, "ನಿಮ್ಮ ಫ್ರಿಜ್ ಸರಿಯಿಲ್ಲ" ಎಂದರು. ನನ್ನ ಫ್ರಿಜ್‌ನಲ್ಲಿ ಉಷ್ಣಮಾಪಕವಿದೆ, ಅದು 4 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು, ಮೇಲಾಗಿ ಉಬ್ಬಿದ ಮುಚ್ಚಳವನ್ನು ನಾನು ನೋಡಿದ್ದು ಅವರ ಅಂಗಡಿಯಲ್ಲಿ! ಕೊನೆಗೆ ಅವರಾಡಿದ ಮಾತು ಎಲ್ಲಕ್ಕಿಂತ ಅಪಾಯಕಾರಿ: "ಒಮ್ಮೆ ಚೆನ್ನಾಗಿ ಬಿಸಿ ಮಾಡಿದ್ದರೆ ಸರಿಹೋಗುತ್ತಿತ್ತು." ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಒಮ್ಮೆ ಆಹಾರದಲ್ಲಿ ವಿಷ ಬಿಟ್ಟರೆ, ಕುದಿಸಿದರೂ ಆ ವಿಷ ನಾಶವಾಗುವುದಿಲ್ಲ. ಇದನ್ನು ತಿಳಿಯದವರು ಆಹಾರ ಮಾರುತ್ತಿದ್ದಾರೆ.

ದಯವಿಟ್ಟು ಲೇಬಲ್‌ನ ಅಂಚನ್ನು ಉಗುರಿನಿಂದ ಎತ್ತಿ ನೋಡಿ, ಮುಚ್ಚಳ ಉಬ್ಬಿದ್ದರೆ ಯಾವ ಸಮಜಾಯಿಷಿಯನ್ನೂ ಕೇಳಬೇಡಿ. ಡಿಪ್ ಅನ್ನು 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಾಪಮಾನದಲ್ಲಿಡಿ. ಹೊರಗೆ 2 ಗಂಟೆ, ಸುತ್ತಲಿನ ಶಾಖ 32 ಡಿಗ್ರಿ ಮೀರಿದ್ದರೆ 1 ಗಂಟೆ ಕಳೆದರೆ ಎಸೆಯಿರಿ. ಬೇಕಾದಷ್ಟನ್ನೇ ಚಿಕ್ಕ ಬಟ್ಟಲಿಗೆ ತೆಗೆದುಕೊಳ್ಳಿ, ಉಳಿದದ್ದನ್ನು ಡಬ್ಬಿಗೆ ಮರಳಿ ಸುರಿಯಬೇಡಿ. ಮನೆಯಲ್ಲಿ ಮಾಡಿದ್ದಾದರೆ 3-4 ದಿನದೊಳಗೆ ಮುಗಿಸಿ. ಒಂದು ಚುಕ್ಕೆ ಬೂಸ್ಟು ಕಂಡರೂ ಇಡೀ ಡಬ್ಬಿ ಕಸಕ್ಕೆ, ಏಕೆಂದರೆ ಮೆತ್ತನೆಯ ಪದಾರ್ಥದಲ್ಲಿ ಅದು ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ. ವಾಸನೆ ಚೆನ್ನಾಗಿದೆ ಎಂದು ಸಮಾಧಾನಪಡಬೇಡಿ. ಫ್ರಿಜ್‌ನ ತಂಪಿನಲ್ಲೂ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರುವುದು ವಾಸನೆಯಿಂದ ತಿಳಿಯುವುದಿಲ್ಲ, ಗರ್ಭಿಣಿಯರಿಗಂತೂ ಅದು ಬಹಳ ಅಪಾಯ.

ಹಣದ ಬದಲು ಇನ್ನೊಂದು ಡಬ್ಬಿ ಕೊಡುತ್ತೇವೆ ಎಂದರು. ಬೇಡವೆಂದೆ. ಅಂದಿನಿಂದ ಅವರು ನನ್ನ ಕರೆ ಸ್ವೀಕರಿಸಿಲ್ಲ. ಎರಡೂ ಲೇಬಲ್‌ಗಳನ್ನು ಒಂದು ಹಾಳೆಗೆ ಅಂಟಿಸಿ ಇಟ್ಟುಕೊಂಡಿದ್ದೇನೆ.