ತೋಟದ ಮನೆಗೊಂದು ಪಲ್ಸ್ ಆಕ್ಸಿಮೀಟರ್: ಯಾವುದು ಕೊಳ್ಳಬೇಕು, ಎಲ್ಲಿ ದಾರಿ ತಪ್ಪಿಸುತ್ತದೆ

ಕೋವಿಡ್ ಬಂದು ಮನೆಯಲ್ಲೇ ಉಳಿದವರಲ್ಲಿ ಕೆಲವರಿಗೆ ಉಸಿರಾಟ ಸಲೀಸಾಗಿಯೇ ಇದ್ದು ರಕ್ತದ ಆಮ್ಲಜನಕ ಮಾತ್ರ ಇಳಿಯುತ್ತಾ ಹೋಗುತ್ತದೆ. ಕಳಸ, ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟಗಳಿಂದ ಏದುಸಿರು ಬಂದ ಮೇಲೆ ಜಿಲ್ಲಾಸ್ಪತ್ರೆಗೆ ಹೊರಟರೆ ತಡವಾದೀತು. ಅಂಥ ಮನೆಗಳಿಗೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಈ ಯಂತ್ರ ಬೇಕೇ ಬೇಕು.

ಬರೀ ಅಂಕಿ ತೋರಿಸುವ ಮಾದರಿಗಿಂತ ನಾಡಿಯ ಅಲೆಯನ್ನೂ ಗೆರೆಯಾಗಿ ತೋರಿಸುವುದೇ ಮೇಲು. ಅಲೆ ಒಂದೇ ಸಮ ಏರಿಳಿಯುತ್ತಿದ್ದರೆ ಅಂಕಿ ನಂಬಬಹುದು. ಅಲೆ ಚೆದುರಿದ್ದರೆ 99 ಬಂದರೂ 85 ಬಂದರೂ ಬೆಲೆಯಿಲ್ಲ. ಕೊಳ್ಳುವಾಗ ಮಣಿಕಟ್ಟಿನ ನಾಡಿಯನ್ನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. ಯಂತ್ರದ ನಾಡಿ ಲೆಕ್ಕ ಅದಕ್ಕೆ ಹತ್ತಿರ ಬರದಿದ್ದರೆ ಬೇರೆಯದು ಕೇಳಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಇದರ ಮಾರಾಟದ ಲಾಭಾಂಶಕ್ಕೆ 70 ಶೇಕಡಾ ಮಿತಿ ಹಾಕಿತು. ಡಬ್ಬಿಯ ಮೇಲಿನ ಎಂಆರ್‌ಪಿ ನೋಡಿಯೇ ದುಡ್ಡು ಕೊಡಿ.

ನಮ್ಮ ಕಡೆ ಲೆಕ್ಕ ತಪ್ಪಲು ಮುಖ್ಯ ಕಾರಣ ಚಳಿ. ಮಳೆಗಾಲದಲ್ಲಿ ತಣ್ಣಗಾದ ಬೆರಳಿಗೆ ರಕ್ತ ಸರಿಯಾಗಿ ಹರಿಯದೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಸುಮ್ಮನೆ ಕೂತು, ಕೈಯನ್ನು ಎದೆಯ ಮಟ್ಟದಲ್ಲಿ ಅಲ್ಲಾಡಿಸದೆ ಇಟ್ಟು, ಅಂಕಿ ನಿಲ್ಲುವ ತನಕ ಒಂದು ನಿಮಿಷ ಕಾಯಿರಿ. ನೇಲ್ ಪಾಲಿಶ್, ದಟ್ಟ ಮದರಂಗಿ ಯಂತ್ರ ಬೆರಳಿನೊಳಗೆ ಹಾಯಿಸುವ ಬೆಳಕನ್ನು ತಡೆಯುತ್ತವೆ. ಬಣ್ಣವಿಲ್ಲದ ಬೆರಳು ಆರಿಸಿ. ಅಗ್ಗಿಷ್ಟಿಕೆಯ ವಿಷಯ ಇನ್ನೂ ಗಂಭೀರ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮೊನಾಕ್ಸೈಡ್ ರಕ್ತ ಸೇರುತ್ತದೆ, ಅದನ್ನು ಯಂತ್ರ ಆಮ್ಲಜನಕವೆಂದೇ ಓದಿ 98 ತೋರಿಸಬಹುದು. ರೋಗಿಯ ಕೋಣೆಗೆ ಕೆಂಡ ಬೇಡವೇ ಬೇಡ.

ಪರದೆಯಲ್ಲಿ ಎರಡು ಅಂಕಿ ಇರುತ್ತವೆ. ನಾಡಿಯ 72 ಅನ್ನು ಆಮ್ಲಜನಕವೆಂದು ಓದಿ ಗಾಬರಿಯಾಗುವವರಿದ್ದಾರೆ. ಶೇಕಡಾ ಗುರುತಿನ ಪಕ್ಕದ್ದೇ ಆಮ್ಲಜನಕ.

95ರ ಮೇಲಿದ್ದರೆ ಆರು ನಿಮಿಷ ಮನೆಯೊಳಗೇ ನಡೆದು ಮತ್ತೆ ನೋಡಿ. ವಯಸ್ಸಾದವರಿಗೆ ಮೂರು ನಿಮಿಷ ಸಾಕು, ಸುಸ್ತಾದರೆ ಅಲ್ಲೇ ನಿಲ್ಲಿ. ನಡೆದ ಮೇಲೆ ಮೂರು ನಾಲ್ಕು ಅಂಕ ಇಳಿದರೆ, ಇಲ್ಲವೇ ಕೂತಲ್ಲೇ ಮತ್ತೆ ಮತ್ತೆ 94 ಅಥವಾ ಕಡಿಮೆ ಬಂದರೆ ವೈದ್ಯರಿಗೆ ಫೋನ್ ಮಾಡಿ, ಆಮ್ಲಜನಕ ಏರಲು ಬೋರಲು ಮಲಗಬಹುದೇ ಎಂದೂ ಕೇಳಿ. 90ಕ್ಕಿಂತ ಇಳಿದರೆ ಆಂಬುಲೆನ್ಸ್‌ಗೆ 108. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿದೆ, ಆ ಎತ್ತರಕ್ಕೆ ಆಮ್ಲಜನಕ 91ಕ್ಕೆ ಇಳಿಯುವುದಿಲ್ಲ. 'ಬೆಟ್ಟದ ಊರಲ್ವಾ' ಎಂದು ಸುಮ್ಮನಿರಬೇಡಿ.

ಒಳ್ಳೆಯ ಯಂತ್ರವೂ ಎರಡು ಅಂಕ ಹೆಚ್ಚುಕಮ್ಮಿ ತೋರಿಸುತ್ತದೆ; ಕಪ್ಪು ಮೈಬಣ್ಣದವರಿಗೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ, ಅದೇ ಬೆರಳಿಗೆ ಹಾಕಿ, ಹೊತ್ತು ಸಮೇತ ಬರೆದಿಡಿ. ತುಟಿ ನೀಲಿಯಾಗಿ ಮಾತು ತೊದಲಿದರೆ ಅಂಕಿ ನೋಡುತ್ತಾ ಕೂರದೆ ಹೊರಡಿ.