ಕುಕಿ ಹಿಟ್ಟು: ಫ್ರಿಜ್ಜಿನಲ್ಲಿಟ್ಟು ಬೇಯಿಸುವುದೋ, ನೇರ ಓವನ್ನಿಗೋ?

“ಕೋಣೆಯ ಉಷ್ಣಾಂಶದಲ್ಲಿರುವ ಬೆಣ್ಣೆ” ಎಂದು ಪಾಕವಿಧಾನ ಬರೆಯುವವರು ಕಲಬುರಗಿಯ ಮೇ ತಿಂಗಳನ್ನು ಕಂಡವರಲ್ಲ. ಅವರ ಕೋಣೆ 20 ಡಿಗ್ರಿಯ ಆಸುಪಾಸಿನದು. ಇಲ್ಲಿ ಹೊರಗೆ 42 ದಾಟಿದ ದಿನ ಫ್ಯಾನಿನ ಕೆಳಗಿಟ್ಟರೂ ಬೆಣ್ಣೆ ಗಟ್ಟಿಯಾಗಿ ಉಳಿಯುವುದಿಲ್ಲ. ಅದು ಕರಗುವುದೇ 32ರಿಂದ 35 ಡಿಗ್ರಿಯಲ್ಲಿ. ಹಿಟ್ಟನ್ನು ತಣಿಸಬೇಕೇ ಬೇಡವೇ ಎಂಬುದನ್ನು ನಮ್ಮ ಸೆಕೆಯಲ್ಲೇ ನೋಡಬೇಕೆಂದು ಮೈದಾ, ಬೆಣ್ಣೆ, ಕಂದು ಸಕ್ಕರೆ, ಮೊಟ್ಟೆ, ಚಿಟಿಕೆ ಸೋಡಾ ಹಾಕಿ ಕಲಸಿದ ಒಂದೇ ಹಿಟ್ಟನ್ನು ಮೂರು ಪಾಲು ಮಾಡಿದೆ. ಓವನ್ ಮೂರಕ್ಕೂ 180 ಡಿಗ್ರಿ.

ಕಲಸಿದ ಕೂಡಲೇ ಬೇಯಿಸಿದ ಪಾಲು ಟ್ರೇ ತುಂಬ ಹರಡಿ ಒಂದಕ್ಕೊಂದು ಕೂಡಿಕೊಂಡಿತು. ಹಿಟ್ಟು ಬೆಂದು ಆಕಾರ ಹಿಡಿಯುವ ಮೊದಲೇ ಬೆಣ್ಣೆ ಹರಿದುಹೋಗುತ್ತದೆ. ಅಂಚು ಕರಿದಂತೆ ಗರಿಗರಿ, ರುಚಿಯಲ್ಲಿ ಸಿಹಿಯ ಹೊರತು ಬೇರೇನೂ ಇಲ್ಲ. ನಮ್ಮ ಅತ್ತೆಯವರಿಗೆ ಮಾತ್ರ ಇದೇ ಹಿಡಿಸಿತು: ಚಹಾಕ್ಕೆ ತೆಳು ಬಿಸ್ಕತ್ತೇ ಸರಿ ಎನ್ನುತ್ತಾರೆ. ಅವರೊಂದಿಗೆ ನಾನು ವಾದಿಸುವುದಿಲ್ಲ.

ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟ ಎರಡನೆಯ ಪಾಲು ಹರಡಿದರೂ ದುಂಡಗೆ ಉಳಿಯಿತು. ಆದರೆ ಹಿಟ್ಟನ್ನು ಇಡಿಯಾಗಿ ಇಟ್ಟರೆ ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಮೊದಲೇ ಉಂಡೆ ಕಟ್ಟಿ ಇಡುವುದು ಒಳ್ಳೆಯದು. ಆಕಾರವಷ್ಟೇ ಮುಖ್ಯ ಎನ್ನುವವರಿಗೆ ಇದು ಸಾಕು.

ರುಚಿ ಬೇಕೆಂದರೆ ರಾತ್ರಿಯಿಡೀ ಇಟ್ಟ ಮೂರನೆಯ ಪಾಲೇ ಗೆದ್ದಿತು. ಮುರಿದಾಗ ಅಂಚು ಟಕ್ಕೆಂದಿತು, ನಡುಭಾಗ ಎಳೆಯಾಗಿ ಜಗಿಯುವಂತಿತ್ತು. ಸಕ್ಕರೆ ಕಂದಿಸಿದಾಗ ಬರುವ ಘಮ ಅಡುಗೆಮನೆಯಿಂದ ಪಡಸಾಲೆಯವರೆಗೆ ಹರಡಿತು. ಕಾರಣ ಬೆಣ್ಣೆಯೊಂದೇ ಅಲ್ಲ. ಅಷ್ಟು ಹೊತ್ತಿನಲ್ಲಿ ಮೊಟ್ಟೆಯ ನೀರನ್ನು ಮೈದಾ ಪೂರ್ತಿ ಹೀರಿಕೊಳ್ಳುತ್ತದೆ, ಸಕ್ಕರೆ ಕರಗಿ ಬೆರೆಯುತ್ತದೆ, ಬಣ್ಣ ಚೆನ್ನಾಗಿ ಏರುತ್ತದೆ. ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿರಲಿ. ಬೆಣ್ಣೆ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ನಮ್ಮ ಕಡೆಯ ಫ್ರಿಜ್ಜಿನಲ್ಲಿ ಬೆಳ್ಳುಳ್ಳಿ ಚಟ್ನಿ ಇಲ್ಲದಿರುವುದುಂಟೇ? ಹಸಿ ಮೊಟ್ಟೆಯ ಹಿಟ್ಟನ್ನು ಎರಡು ದಿನಕ್ಕಿಂತ ಹೆಚ್ಚು ಇಡಬೇಕಾದರೆ ಫ್ರೀಜರಿಗೆ ಸೇರಿಸಿ.

ಜೋಳದ ಹಿಟ್ಟು ಬೆರೆಸುವವರಿಗಂತೂ ರಾತ್ರಿಯ ವಿಶ್ರಾಂತಿ ಬೇಕೇ ಬೇಕು. ಮೈದಾದ ಮೂರನೇ ಒಂದು ಭಾಗ ಜೋಳ ಹಾಕಿ ತಕ್ಷಣ ಬೇಯಿಸಿದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಜೋಳದಲ್ಲಿ ಇಲ್ಲ, ನೀರು ಹೀರಲು ಸಮಯವೂ ಬೇಕು. ಮರುದಿನ ಬೇಯಿಸಿದ್ದರಲ್ಲಿ ಆ ಕರಕರ ಬಹುಪಾಲು ಇಲ್ಲವಾಗಿ ಜೋಳದ ಸೊಗಡು ಉಳಿದಿತ್ತು. ಎಲ್ಲದರಲ್ಲೂ ಇದೇ ನನ್ನ ಮೆಚ್ಚಿನದು, ಮಕ್ಕಳದ್ದಲ್ಲ.

ತುಪ್ಪದ ನಾನ್‌ಖಟಾಯಿಗೆ ಈ ಲೆಕ್ಕ ಹೊಂದುವುದಿಲ್ಲ. ರಾತ್ರಿಯಿಡೀ ಇಟ್ಟರೆ ತುಪ್ಪ ಕಲ್ಲಾಗಿ, ಉಂಡೆ ಕಟ್ಟುವಾಗ ಹಿಟ್ಟು ಉದುರುತ್ತದೆ. ಉಂಡೆ ಕಟ್ಟಿ ಕಾಲು ಗಂಟೆ ತಣಿಸಿದರೆ ಆಯಿತು.

ಇನ್ನು, ಎಷ್ಟೇ ತಣಿಸಿದ ಉಂಡೆಯಾದರೂ ಓವನ್ನಿನಿಂದ ಆಗತಾನೇ ತೆಗೆದ ಬಿಸಿ ಟ್ರೇಯ ಮೇಲಿಟ್ಟರೆ ತಳದಿಂದ ಕರಗತೊಡಗುತ್ತದೆ. ಒಂದೇ ಟ್ರೇ ಇದ್ದರೆ ಅದನ್ನು ನಲ್ಲಿಯ ಕೆಳಗೆ ಹಿಡಿಯುವ ಮೊದಲು ಕೊಂಚ ಆರಲು ಬಿಡಿ. ಇಲ್ಲವಾದರೆ ತೆಳು ಟ್ರೇ ಸೊಟ್ಟಗಾಗುತ್ತದೆ.